ಬೆಟ್ಟ ಆಮೇಲೆ, ಮೊದಲು ಹೊಸ್ತಿಲು

"ನಾಳೆಯಿಂದ ದಿನಾ ಬೆಳಿಗ್ಗೆ ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತುತ್ತೀನಿ." ಮೇಲುಕೋಟೆಯಲ್ಲಿ ಇಂಥ ಮಾತು ಆಡದವರು ಕಡಿಮೆ. ಮನಸ್ಸು ನೆಟ್ಟಗಿದ್ದವರಿಗೆ ಅದು ಒಳ್ಳೆಯ ಗುರಿಯೇ. ಖಿನ್ನತೆಯಲ್ಲಿ ಇರುವವರು ಹೀಗೆ ಹೇಳಿಕೊಂಡು, ಮಾರನೇ ದಿನ ಹಾಸಿಗೆಯಿಂದ ಏಳಲಾಗದೆ, "ಇಷ್ಟೂ ನನ್ನ ಕೈಲಾಗಲಿಲ್ಲ" ಎಂದು ಇನ್ನಷ್ಟು ಕುಗ್ಗುತ್ತಾರೆ. ಇಲ್ಲಿ ತಪ್ಪಿದ್ದು ಗುರಿಯ ಅಳತೆ.

ಖಿನ್ನತೆ ಯಾವುದು, ಬರೀ ಬೇಜಾರು ಯಾವುದು? ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮಂಕು ಕವಿದಿರುತ್ತದೆ. ಇಲ್ಲವೇ ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಜೊತೆಗೆ ನಿದ್ದೆ, ಹಸಿವು ಏರುಪೇರಾಗುತ್ತವೆ. ಮೈ ಭಾರ. ತಾನು ಯಾರಿಗೂ ಬೇಡ ಅನ್ನಿಸುತ್ತದೆ. ಹೀಗಿದ್ದರೆ ಅದು ಕಾಯಿಲೆ, ವೈದ್ಯರಿಗೆ ತೋರಿಸಬೇಕು. ಮನೆಯವರು ಇದನ್ನೇ ಮೈಗಳ್ಳತನ ಎಂದುಬಿಡುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ.

"ಮನಸ್ಸೇ ಇಲ್ಲದವರು ಗುರಿ ಹೇಗೆ ಇಟ್ಟುಕೊಳ್ಳುತ್ತಾರೆ?" ಎಂದು ನೀವು ಕೇಳಬಹುದು. ಮನಸ್ಸು ಬಂದ ಮೇಲೆ ಕೆಲಸ ಎಂದು ನಾವು ತಿಳಿದಿದ್ದೇವೆ. ಖಿನ್ನತೆಯಲ್ಲಿ ಇದು ತಿರುಗುಮುರುಗು. ಮಂಕಾದಾಗ ಒಂದೊಂದೇ ಕೆಲಸ ಕೈಬಿಡುತ್ತೇವೆ. ಬಿಟ್ಟಷ್ಟೂ, ಖುಷಿ ಕೊಡುವ ಸಂಗತಿಗಳು ದಿನದಿಂದ ಕಳಚಿಕೊಳ್ಳುತ್ತವೆ. ಮಂಕು ಇನ್ನೂ ಹೆಚ್ಚುತ್ತದೆ. ಈ ಸುತ್ತನ್ನು ಮುರಿಯಲು ಮೊದಲು ಚಿಕ್ಕ ಕೆಲಸ ಮಾಡಬೇಕು, ಮನಸ್ಸು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಇದಕ್ಕೆ 'ಬಿಹೇವಿಯರಲ್ ಆಕ್ಟಿವೇಶನ್' ಎನ್ನುತ್ತಾರೆ, ಅಂದರೆ ಚಟುವಟಿಕೆಯ ಮೂಲಕ ಚಿಕಿತ್ಸೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 'ಸಂಗಾತ್' ಸಂಸ್ಥೆ ಇದನ್ನು ಪರೀಕ್ಷಿಸಿ ನೋಡಿತು. ಸಲಹೆ ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿಯಲ್ಲೇ ಹಲವರು ಚೇತರಿಸಿಕೊಂಡರು. ಫಲಿತಾಂಶ 2017ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಈಗ ಮಾಡುವ ಬಗೆ. ಗೋಡೆಯ ಕ್ಯಾಲೆಂಡರ್ ಸಾಕು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿಡುವ ಹಾಗೆ, ಒಂದು ವಾರ ಆ ದಿನ ಮಾಡಿದ್ದನ್ನು ಎರಡು ಪದದಲ್ಲಿ ಬರೆಯಿರಿ. ಪಕ್ಕದಲ್ಲಿ ಮನಸ್ಸಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಡಿ. ಯಾವ ದಿನ ಅಂಕ ಎರಡರಿಂದ ಮೂರಕ್ಕೆ ಏರಿತು, ಆವತ್ತು ಏನು ಮಾಡಿದ್ದಿರಿ ನೋಡಿ.

ಆಮೇಲೆ ಗುರಿ ಆರಿಸುವುದು. "ಖುಷಿಯಾಗಿರಬೇಕು" ಗುರಿಯಾಗುವುದಿಲ್ಲ, ಅದು ನಮ್ಮ ಕೈಯಲ್ಲಿಲ್ಲ. "ಅಳಬಾರದು" ಅನ್ನುವುದೂ ಬೇಡ. ಕೈಕಾಲು ಮಾಡಬಲ್ಲದ್ದು ಬೇಕು, ಮತ್ತು ಅದು ನಿಮಗೆ ಬೇಕಾದವರ ಜೊತೆ, ನಿಮಗೆ ಪ್ರಿಯವಾದದ್ದರ ಜೊತೆ ಸೇರಿಕೊಂಡಿರಬೇಕು. ಒಬ್ಬ ತಾಯಿ ಇದ್ದಾರೆ ಎಂದುಕೊಳ್ಳಿ. ಅವರ ಪುಳಿಯೋಗರೆ ಗೊಜ್ಜು ಕೇರಿಗೆಲ್ಲ ಹೆಸರುವಾಸಿ. ಈಗ ಆರು ತಿಂಗಳಿಂದ ಒಲೆ ಕಡೆ ಹೋಗಿಲ್ಲ. "ಮತ್ತೆ ಎಲ್ಲರಿಗೂ ಗೊಜ್ಜು ಮಾಡಿ ಹಂಚಬೇಕು" ಅನ್ನುವುದು ದೂರದ ಗುರಿ. ಅದನ್ನು ಅರ್ಧಕ್ಕೆ ಕತ್ತರಿಸಿ: ಮನೆಗೆ ಸಾಕಾಗುವಷ್ಟು ಗೊಜ್ಜು. ಮತ್ತೆ ಅರ್ಧ: ಮೆಣಸಿನಕಾಯಿ, ಧನಿಯಾ ಹುರಿಯುವುದು. ಇನ್ನೂ ಭಾರವೇ? ಹಾಗಾದರೆ ಇವತ್ತು ಒಂದು ನಿಂಬೆ ಗಾತ್ರದ ಹುಣಸೆಹಣ್ಣು ನೆನೆಹಾಕುವುದು, ಅಷ್ಟೇ. ನೀರಲ್ಲಿ ಹುಣಸೆ ಬಿದ್ದರೆ ಆವತ್ತಿನ ಗುರಿ ಮುಗಿಯಿತು. ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ಬೆಟ್ಟ ಹತ್ತುವವರಿಗೂ ಹೀಗೆಯೇ: ಮೊದಲ ವಾರ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿ ಬೀದಿಯ ಕೊನೆವರೆಗೆ, ವಾಪಸ್ಸು.

ಹೊತ್ತು ಗೊತ್ತುಮಾಡಿಕೊಳ್ಳಿ. "ಬೆಳಗಿನ ಕಾಫಿ ಆದ ಮೇಲೆ" ಎಂದರೆ ನೆನಪಿರುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಲು ಹೋಗಬೇಡಿ, ಹಳೆಯ ಅಳತೆಯೇ ಇರಲಿ. ಎರಡು ಮೂರು ದಿನ ತಪ್ಪಿದರೆ ಗುರಿಯನ್ನು ಇನ್ನಷ್ಟು ಚಿಕ್ಕದು ಮಾಡಿ. ಮನೆಯವರು "ಮನಸ್ಸು ಗಟ್ಟಿ ಮಾಡ್ಕೋ" ಎನ್ನುವ ಬದಲು ಹತ್ತು ನಿಮಿಷ ಜೊತೆಗೆ ನಡೆದರೆ ಸಾಕು. ಅದಕ್ಕಿಂತ ದೊಡ್ಡ ಉಪಕಾರ ನನಗೆ ತೋಚುವುದಿಲ್ಲ.

ಇದು ಔಷಧಿಗೆ ಬದಲಿ ಅಲ್ಲ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅವು ಚಟವಾಗುವುದಿಲ್ಲ. ಆದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಚೆಲುವನಾರಾಯಣನಿಗೆ ಹರಕೆ ಹೊತ್ತವರು ಅದನ್ನೂ ಸಲ್ಲಿಸಲಿ, ಮಾತ್ರೆಯನ್ನೂ ನುಂಗಲಿ.

ಖರ್ಚಿನ ಚಿಂತೆಯೇ? 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ 'ಟೆಲಿ ಮಾನಸ್', ಅಂದರೆ ಫೋನಿನಲ್ಲೇ ಮನೋಸಲಹೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ರಾಜ್ಯದ 'ಮನೋಚೈತನ್ಯ' ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಮೇಲುಕೋಟೆಯವರು ಪಾಂಡವಪುರಕ್ಕೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ. ಹೆಚ್ಚಿನ ಚಿಕಿತ್ಸೆಗೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಗುರಿ, ಕ್ಯಾಲೆಂಡರ್ ಎಲ್ಲ ಪಕ್ಕಕ್ಕಿರಲಿ. ಆಗಲೇ ಯಾರಿಗಾದರೂ ಹೇಳಿ, 14416 ಅಥವಾ 112ಕ್ಕೆ ಕರೆ ಮಾಡಿ. ಕೇಳಿಸಿಕೊಂಡವರು ಹೇಳಿಕೊಂಡವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ ಬೇರೆಡೆಗೆ ಸಾಗಿಸಿ.

ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳ ಜೊತೆ ಕ್ಯಾಲೆಂಡರಿನ ಆ ಹಾಳೆಯನ್ನೂ ಹರಿದು ಒಯ್ಯಿರಿ. "ಹೇಗಿದ್ದೀರಿ?" ಎಂದಾಗ ಬಾಯಿಂದ ಮಾತು ಹೊರಡದಿದ್ದರೆ ಅದನ್ನೇ ಡಾಕ್ಟರ ಕೈಗೆ ಕೊಡಬಹುದು.