ವಾತಬಸ್ತಿಯೂ ಬಸ್ತಿಗತ ಅನಿಲವೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳು 12 ವಿಧವೆಂದು ಹೇಳಿದೆ, ಅವುಗಳಲ್ಲೊಂದು ವಾತಬಸ್ತಿ. ಮೂತ್ರಕೋಶದಲ್ಲಿ ಅನಿಲವು ಸೇರಿಕೊಳ್ಳುವ, ಈಗಿನ ವೈದ್ಯರು ಎಂಫಿಸೀಮೇಟಸ್ ಸಿಸ್ಟೈಟಿಸ್ ಎಂದು ಕರೆಯುವ ವಿರಳವ್ಯಾಧಿಯೇ ಇದೆಂದು ಹೆಸರನ್ನು ಮಾತ್ರ ಕಂಡವರಿಗೆ ತೋರಬಹುದು. ಆದರೆ ಅರ್ಥವನ್ನು ವಿಚಾರಿಸಿದರೆ ಎರಡೂ ಬೇರೆಯೆಂಬುದು ಸ್ಪಷ್ಟವಾಗುವುದು. ಮೂತ್ರವೇಗವನ್ನು ತಡೆಯುವುದರಿಂದ ಕೆರಳಿದ ವಾತವು ಬಸ್ತಿಯ ಮುಖವನ್ನು ಮುಚ್ಚುವುದೆಂಬುದು ವಾತಬಸ್ತಿಯ ಲಕ್ಷಣ. ಅಲ್ಲಿನ ವಾತವು ದೋಷವಾಚಕ. ಇಲ್ಲಿನದು ಕೋಶದ ಭಿತ್ತಿಯಲ್ಲಿ ಗುಳ್ಳೆಗಳಾಗಿ ನಿಲ್ಲುವ ಪ್ರತ್ಯಕ್ಷವಾದ ಅನಿಲ.

ಈ ಅನಿಲವು ಅನಿಲಜನಕ ಸೂಕ್ಷ್ಮಾಣುಗಳಿಂದಾದುದೆಂದು 1888ರಲ್ಲಿ ಐಸೆನ್‌ಲೋರ್ ಎಂಬ ಜರ್ಮನ್ ವಿದ್ವಾಂಸನು ನಿರೂಪಿಸಿದನು. ಭಾರತೀನಗರದ ಸುತ್ತಣ ಕಬ್ಬಿನ ಸೀಮೆಯವರಿಗೆ ಇದರ ದೃಷ್ಟಾಂತವು ದೂರವಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸದೆ ಬಿಟ್ಟರೆ ಅದು ಹುಳಿತು ನೊರೆಯೇಳುವುದಷ್ಟೆ. ಹಾಗೆಯೇ ಮಧುಮೇಹಿಯ ಮೂತ್ರದಲ್ಲಿಯೂ ಧಾತುಗಳಲ್ಲಿಯೂ ಇರುವ ಸಕ್ಕರೆಯನ್ನು ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಸೂಕ್ಷ್ಮಾಣುಗಳು ಹುಳಿಸಿ ಇಂಗಾಲಾಮ್ಲವಾಯುವನ್ನೂ ಜಲಜನಕವನ್ನೂ ಹುಟ್ಟಿಸುವುವು. ಆದಕಾರಣ ಈ ರೋಗವು ಮಧುಮೇಹವುಳ್ಳ ವೃದ್ಧಸ್ತ್ರೀಯರಲ್ಲಿ ಹೆಚ್ಚು, ಇತರರಲ್ಲಿಯೂ ಇಲ್ಲದಿಲ್ಲ.

ಉರಿಮೂತ್ರ, ಕಿಬ್ಬೊಟ್ಟೆಯ ನೋವು, ರಕ್ತಮೂತ್ರ, ಕ್ವಚಿತ್ತಾಗಿ ಮೂತ್ರದೊಡನೆ ಗುಳ್ಳೆಗಳು ಹೊರಡುವುದು, ಇವು ಚಿಹ್ನೆಗಳು. ಕೆಲವರಲ್ಲಿ ಯಾವ ಚಿಹ್ನೆಯೂ ತೋರದು. ಆದುದರಿಂದ ನಾಡೀಪರೀಕ್ಷೆಯಾಗಲಿ ಮೂತ್ರಪರೀಕ್ಷೆಯೊಂದೇ ಆಗಲಿ ನಿರ್ಣಯಕ್ಕೆ ಸಾಲದು. ಕ್ಷಕಿರಣಚಿತ್ರದಲ್ಲಿ ಕೋಶದ ಅಂಚಿನುದ್ದಕ್ಕೂ ಅನಿಲರೇಖೆಯು ಕಾಣಬಹುದು, ಸಿ.ಟಿ. ಚಿತ್ರವು ಅದಕ್ಕಿಂತಲೂ ನಿಶ್ಚಿತ. ಕರುಳಿಗೂ ಕೋಶಕ್ಕೂ ರಂಧ್ರವಾಗಿದೆಯೇ, ನಳಿಕೆಯನ್ನಿಟ್ಟಾಗ ಹೊರಗಿನ ಗಾಳಿಯು ಒಳಹೊಕ್ಕಿತೇ, ವ್ಯಾಧಿಯು ಮೂತ್ರಪಿಂಡಕ್ಕೆ ಏರಿದೆಯೇ ಎಂಬ ಸಂದೇಹಗಳನ್ನೂ ಇದರೊಡನೆ ಪರಿಹರಿಸಿಕೊಳ್ಳತಕ್ಕದ್ದು. ಪಿಂಡಕ್ಕೇರಿದರೆ ಅಪಾಯವು ಬಹಳ ಹೆಚ್ಚು.

ಚಿಕಿತ್ಸೆಯು ಮೂರು ಅಂಗಗಳುಳ್ಳದ್ದು: ಸೂಕ್ಷ್ಮಾಣುವನ್ನು ಗುರುತಿಸಿ ಅದಕ್ಕೆ ತಕ್ಕ ಪ್ರತಿಜೀವಕವನ್ನು ಕೊಡುವುದು, ಸಾಮಾನ್ಯವಾಗಿ ಮೊದಲು ರಕ್ತನಾಳದ ಮೂಲಕ, ನಳಿಕೆಯಿಂದ ಮೂತ್ರವನ್ನು ಹೊರಡಿಸಿ ಕೋಶಕ್ಕೆ ವಿಶ್ರಾಂತಿಯನ್ನೀಯುವುದು, ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು. ಸಕಾಲದಲ್ಲಿ ಹೀಗೆ ಮಾಡಿದರೆ ಹೆಚ್ಚಿನವರು ಗುಣಹೊಂದುವರು. ಶಸ್ತ್ರಕ್ರಿಯೆಯು ಕೆಲವರಿಗೆ ಮಾತ್ರ. ತಡಮಾಡಿದರೆ ಕೋಶವು ಕೊಳೆಯುವುದೂ ಒಡೆಯುವುದೂ, ವಿಷವು ರಕ್ತಕ್ಕೇರಿ ಪ್ರಾಣಹಾನಿಯಾಗುವುದೂ ಉಂಟು.

ಹೀಗಿರಲು ಶಬ್ದಸಾಮ್ಯವನ್ನು ನಂಬುವುದು ಪಾಂಡಿತ್ಯದ ದೋಷವಷ್ಟೇ ಅಲ್ಲ. ಮಧುಮೇಹಿಯ ಉರಿಮೂತ್ರವನ್ನು ಬರಿಯ ವಾತವೆಂದೆಣಿಸಿ ಮನೆಯ ಕಷಾಯದಿಂದ ದಿನಗಳೆದರೆ, ಕಳೆಯುವುದು ರೋಗಿಯ ಆಯುಸ್ಸು. ಪೂರ್ವಗ್ರಂಥಗಳ ಪದವನ್ನು ಅವುಗಳ ಅರ್ಥದಲ್ಲಿಯೇ ಓದುವುದು ಗ್ರಂಥಕ್ಕೂ ಗೌರವ, ರೋಗಿಗೂ ಹಿತ.