ಕೆರೆ ಏರಿಯ ಮೇಲೆ ಬಾಸ್ ಎಲ್ಲಿ ಹೋಯಿತು?

ಗಣಪತಿ ಬಿಡುವ ದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಯಾವ ಊರಿಗೆ ಹೋದರೂ ಕಾಣುವ ನೋಟ ಇದು: ಟ್ರಾಕ್ಟರ್ ಟ್ರೈಲರ್ ಮೇಲೆ ಆಳೆತ್ತರದ ಬಾಸ್ ಬಾಕ್ಸುಗಳು, ಪಕ್ಕದಲ್ಲಿ ಜನರೇಟರ್, ಸುತ್ತ ಕುಣಿಯುವ ಹುಡುಗರು. ಮೆರವಣಿಗೆ ಇಕ್ಕಟ್ಟಾದ ಬೀದಿಯಲ್ಲಿರುವಾಗ ಎದೆಗೂಡು ನಡುಗುತ್ತದೆ, ಕಿಟಕಿ ಗಾಜು ಗಲಗಲ ಅನ್ನುತ್ತದೆ. ಅದೇ ಟ್ರಾಕ್ಟರ್ ಊರು ದಾಟಿ ಕೆರೆ ಏರಿ ಹತ್ತಿತೋ, ಬಾಸ್ ಸೊರಗುತ್ತದೆ. ಆಪರೇಟರ್ ವಾಲ್ಯೂಮ್ ತಿರುವುತ್ತಾನೆ. ಹಾಡು ಕಿರುಚುತ್ತದೆ, ಗುದ್ದು ಮಾತ್ರ ಮರಳುವುದಿಲ್ಲ.

ಸಮುದ್ರದಲ್ಲಿ ಮೋಜಿನ ದೋಣಿಗೆ ಸಬ್‌ವೂಫರ್ ಕೂರಿಸುವವರ ಗೋಳೂ ಇದೇ. ಕಾರಿನಲ್ಲಿ ಅಬ್ಬರಿಸಿದ ಬಾಕ್ಸು ದೋಣಿಗೆ ಹೋದರೆ ಬಡವಾಗುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ದೋಣಿಗಳಿಲ್ಲ, ಆದರೆ ಟ್ರೈಲರ್ ಇದೆ. ಶಬ್ದದ ಲೆಕ್ಕದಲ್ಲಿ ಎರಡೂ ಒಂದೇ: ಮೇಲೆ ಆಕಾಶ, ಸುತ್ತ ಬಯಲು.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸೆಕೆಂಡಿಗೆ 1000 ಸಲ ಕಂಪಿಸುವ ಸ್ವರದ ಒಂದು ಅಲೆ ಅಡಿಗಿಂತ ತುಸು ಉದ್ದ. 50 ಸಲ ಕಂಪಿಸುವ ಬಾಸಿನ ಅಲೆಯಾದರೋ ಸುಮಾರು 7 ಮೀಟರ್, ಎರಡು ಟ್ರೈಲರ್ ಸಾಲಾಗಿ ನಿಲ್ಲಿಸಿದಷ್ಟು. ಗಾಜು ಏರಿಸಿದ ಕಾರು ಈ ಅಲೆಗಿಂತ ಚಿಕ್ಕದು. ಅದರೊಳಗೆ ಸ್ಪೀಕರಿನ ಕೋನ್ ಹಿಂದೆ ಮುಂದೆ ಆಡಿದಾಗ ಸೈಕಲ್ ಪಂಪಿನೊಳಗಿನಂತೆ ಇಡೀ ಗಾಳಿಯೇ ಒತ್ತಿ ಸಡಿಲವಾಗುತ್ತದೆ. ಬಯಲಿನಲ್ಲಿ ಒತ್ತಡವನ್ನು ಹಿಡಿದಿಡಲು ಏನೂ ಇಲ್ಲ. ಹಾಗಾಗಿ ಅಲ್ಲಿ ವ್ಯಾಟ್‌ಗಿಂತ ಮೊದಲು ನೋಡಬೇಕಾದ್ದು ಜಾಗ.

ಮೊದಲ ಸೂತ್ರ, ಹತ್ತಿರ ಇಡಿ. ಬಯಲಿನಲ್ಲಿ ಕೇಳುವವರಿಗೂ ಬಾಕ್ಸಿಗೂ ಇರುವ ದೂರ ಅರ್ಧವಾದರೆ ಶಬ್ದ 6 ಡೆಸಿಬೆಲ್ ಏರುತ್ತದೆ. ಅಷ್ಟನ್ನೇ ಆಂಪ್ಲಿಫೈಯರಿನಿಂದ ಪಡೆಯಲು ನಾಲ್ಕು ಪಟ್ಟು ವ್ಯಾಟ್ ಬೇಕು. 12 ವೋಲ್ಟ್ ಬ್ಯಾಟರಿಯಿಂದ 600 ವ್ಯಾಟ್ ಎಳೆದರೆ ತಂತಿಯಲ್ಲಿ 50 ಆಂಪಿಯರ್ ಹರಿಯುತ್ತದೆ. ಅದನ್ನು ನಾಲ್ಕು ಪಟ್ಟು ಮಾಡಲು ಹೋದರೆ ತಂತಿ, ಬ್ಯಾಟರಿ ಎರಡೂ ಬಳಲುತ್ತವೆ. ದೋಣಿಯವರು ಸಬ್‌ವೂಫರನ್ನು ಸೀಟಿನ ಕೆಳಗೋ ಚುಕ್ಕಾಣಿಯ ಬುಡದಲ್ಲೋ ಇಡುವುದರ ಗುಟ್ಟು ಇದು.

ಎರಡನೆಯದು, ನೆಲ ಮತ್ತು ಗೋಡೆಯ ಆಸರೆ. ನೆಲದ ಮೇಲಿಟ್ಟ ಬಾಕ್ಸಿನಿಂದ ಕೆಳಗೆ ಹೋಗುವ ಅಲೆ ಪುಟಿದು ಮೇಲಿನದರ ಜೊತೆ ಸೇರುತ್ತದೆ, ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಿಂದೆ ದೊಡ್ಡ ಗೋಡೆಯಿದ್ದರೆ ಇನ್ನೊಂದು ಸುತ್ತು ಲಾಭ. ಬೀದಿಯಲ್ಲಿ ಎದೆ ನಡುಗಿಸಿದ್ದು ಬರೀ ಬಾಕ್ಸಲ್ಲ, ಎರಡೂ ಬದಿಯ ಮನೆಗಳು ಅದಕ್ಕೆ ಕೈಜೋಡಿಸಿದ್ದವು. ಮದುವೆಯ ಶಾಮಿಯಾನದಲ್ಲಿ ಬಾಕ್ಸನ್ನು ಮೇಜಿನ ಮೇಲೆ ಏರಿಸುವ ಬದಲು ಗೋಡೆಯ ಮೂಲೆಯಲ್ಲಿ ನೆಲಕ್ಕೆ ಕೂರಿಸಿ ನೋಡಿ, ವಾಲ್ಯೂಮ್ ತಗ್ಗಿಸಬೇಕಾದೀತು.

ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಅಂದಕ್ಕೆಂದು ಟ್ರೈಲರಿನ ಈ ತುದಿಗೊಂದು, ಆ ತುದಿಗೊಂದು ಬಾಸ್ ಬಾಕ್ಸ್ ಇಡುತ್ತಾರೆ. ನಡುವಿನ ಅಂತರ ಮೂರೂವರೆ ಮೀಟರ್ ಇದೆಯೆನ್ನಿ, ಅಂದರೆ 50ರ ಅಲೆಯ ಸರಿಯಾಗಿ ಅರ್ಧ. ಟ್ರೈಲರಿನ ಹಿಂದೆಯೋ ಮುಂದೆಯೋ ನೇರಕ್ಕೆ ನಿಂತವನ ಬಳಿಗೆ ಒಂದು ಬಾಕ್ಸಿನ ಅಲೆ ಗಾಳಿಯನ್ನು ಒತ್ತುತ್ತ ಬರುವ ಹೊತ್ತಿಗೆ ಇನ್ನೊಂದರದು ಎಳೆಯುತ್ತ ಬರುತ್ತದೆ. ದೂರ ಹೋದಷ್ಟೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ಗುದ್ದೆಲ್ಲ ಪಕ್ಕದ ಮನೆಯವರಿಗೆ, ಕುಣಿಯುವವರಿಗೆ ಚೂರುಪಾರು. ಎರಡನ್ನೂ ಒಂದಕ್ಕೊಂದು ಅಂಟಿಸಿ ಇಟ್ಟರೆ ಒಂದೇ ದೊಡ್ಡ ಸ್ಪೀಕರಿನಂತೆ ದುಡಿಯುತ್ತವೆ.

ಅಂಟಿಸಿಟ್ಟರೂ ಸದ್ದು ಸೊರಗಿದ್ದರೆ ಒಂದರ ವೈರು ಅದಲುಬದಲಾಗಿರಬಹುದು. ಪರೀಕ್ಷೆಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಆಂಪ್ಲಿಫೈಯರಿನಿಂದ ವೈರು ಬಿಚ್ಚಿ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಬರುವಂತೆ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಉಬ್ಬಬೇಕು. ಒಂದು ಉಬ್ಬಿ ಇನ್ನೊಂದು ಒಳಗೆ ಸರಿದರೆ ಕಳ್ಳ ಸಿಕ್ಕಿದ ಹಾಗೆ.

ಇನ್ನು ಬಾಕ್ಸಿನ ಆಯ್ಕೆ. ಪೂರ್ತಿ ಮುಚ್ಚಿದ ಪೆಟ್ಟಿಗೆ ಚಿಕ್ಕದು, ಬಿಗಿಯಾದ ಸದ್ದು ಕೊಡುತ್ತದೆ, ಕಾರಿಗೆ ಒಪ್ಪುತ್ತದೆ. ಬಯಲಿಗೆ ಸಾಮಾನ್ಯವಾಗಿ ತೂತಿರುವ ಪೆಟ್ಟಿಗೆ ವಾಸಿ. ಖಾಲಿ ಕೊಡದ ಬಾಯಿಗೆ ಊದಿದರೆ ಗುಂಯ್ ಎನ್ನುತ್ತದಲ್ಲ, ಅದೇ ತತ್ವ: ಒಳಗಿನ ಗಾಳಿ ಸ್ಪ್ರಿಂಗಿನಂತೆ ಆಡಿ ಒಂದು ಸ್ವರವನ್ನು ಎತ್ತಿ ಹಿಡಿಯುತ್ತದೆ. ಆದರೆ ಆ ಸ್ವರಕ್ಕಿಂತ ಕೆಳಗಿನ ಸದ್ದು ಜೋರಾಗಿ ಬಂದರೆ ಕೋನಿಗೆ ಗಾಳಿಯ ಬೆಂಬಲ ತಪ್ಪಿ, ಹದ ಮೀರಿ ಕುಣಿದು ಹರಿಯುತ್ತದೆ. ಆಂಪ್ಲಿಫೈಯರಿನ ಸಬ್‌ಸಾನಿಕ್ ಫಿಲ್ಟರ್ ಇರುವುದು ಅದನ್ನು ತಡೆಯಲು.

ಕಡೆಯದಾಗಿ, ನಮ್ಮ ಕಿವಿಯ ಮಾತು. ಕಿವಿಗೆ ಬಾಸ್ ಅಂದರೆ ಮಂದ. 1000 ಕಂಪನದ ಸ್ವರ 60 ಡೆಸಿಬೆಲ್‌ನಲ್ಲಿ ಎಷ್ಟು ಜೋರಾಗಿ ಕೇಳುತ್ತದೋ ಅಷ್ಟೇ ಜೋರಾಗಿ ಕೇಳಲು 50ರ ಬಾಸಿಗೆ ಸುಮಾರು 90 ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಆದರೆ ಅದನ್ನು ಅಳೆಯುವ ಮಾಪನ ಕಿವಿಯ ಈ ಮಂದತನವನ್ನೇ ಅನುಸರಿಸಿ 50ರ ಬಾಸಿನಲ್ಲಿ ಸುಮಾರು 30 ಡೆಸಿಬೆಲ್ ಕಳೆದು ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಕಿಟಕಿ ನಡುಗುವುದು ಹೀಗೆ. ಗೋಡೆಗಳನ್ನು ಸುತ್ತಿ ಬಳಸಿ, ಹಾಡು ಕೇಳದಷ್ಟು ದೂರದ ಮನೆಗೂ ಮೊದಲು ತಲುಪುವುದು ಈ ಗುದ್ದೇ.

ಆದ್ದರಿಂದ ಮುಂದಿನ ಸಲ ಬಾಸ್ ಸಾಲದು ಅನ್ನಿಸಿದರೆ ವಾಲ್ಯೂಮ್ ಮುಟ್ಟುವ ಮೊದಲು ಬಾಕ್ಸನ್ನು ಸರಿಸಿ ನೋಡಿ. ಮಗುವನ್ನು ಮಲಗಿಸುತ್ತಿರುವ ಮನೆ ಎದುರಾದರೆ ವಾಲ್ಯೂಮನ್ನೂ ಮುಟ್ಟಿ, ಕೆಳಕ್ಕೆ.