ಗಾಯಗೊಂಡ ಕುದುರೆ ಮರಿಯ ಆರೈಕೆ

ಕುದುರೆ ಮರಿ ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಲ್ಲುತ್ತದೆ, ಮರುದಿನ ತಾಯಿಯ ಪಕ್ಕದಲ್ಲಿ ಓಡುತ್ತದೆ. ಆದರೆ ಬೇಲಿ ಎಂದರೇನೆಂದು ಅದಕ್ಕೆ ತಿಳಿಯದು. ಬೆದರಿ ಓಡುವಾಗ ಮುಳ್ಳುತಂತಿಗೆ ಕಾಲು ಸಿಕ್ಕಿದರೆ, ಬಿಡಿಸಿಕೊಳ್ಳಲು ಜಗ್ಗಿದಷ್ಟೂ ತಂತಿ ಆಳಕ್ಕೆ ಕೊಯ್ಯುತ್ತದೆ. ಮಂಡಿಯಿಂದ ಕೆಳಗೆ ಕುದುರೆಯ ಕಾಲಿನಲ್ಲಿ ಹೇಳಿಕೊಳ್ಳುವಂಥ ಮಾಂಸಖಂಡವಿಲ್ಲ. ಚರ್ಮ, ಅದರಡಿ ಸ್ನಾಯುರಜ್ಜು, ಅದರಡಿ ಮೂಳೆ, ಅಷ್ಟೆ. ಹಾಗಾಗಿ ಎದೆಯ ಮೇಲೆ ಅಂಗೈಯಗಲ ಹರಿದ ಗಾಯ ಚೆನ್ನಾಗಿ ಕೂಡಿಕೊಂಡರೂ, ಕಾಲಿನ ಮೇಲಿನ ಚಿಕ್ಕ ಗಾಯ ತಿಂಗಳುಗಟ್ಟಲೆ ಎಳೆಯುತ್ತದೆ.

ಗಾಯಗೊಂಡ ಮರಿಯನ್ನು ಅಟ್ಟಿಸಿಕೊಂಡು ಹೋಗಬಾರದು. ತಾಯಿಯನ್ನು ಹಿಡಿದು ನಿಲ್ಲಿಸಿದರೆ ಮರಿ ತಾನಾಗಿ ಬಳಿಗೆ ಬರುತ್ತದೆ. ಆಗ ಒಂದು ತೋಳನ್ನು ಅದರ ಎದೆಯ ಮುಂದೆ, ಇನ್ನೊಂದನ್ನು ತೊಡೆಗಳ ಹಿಂದೆ ಬಳಸಿ ಹಿಡಿಯಬೇಕು. ಕೊರಳಿಗೆ ಹಗ್ಗ ಹಾಕಿ ಎಳೆದರೆ ಅದು ಹಿಂದಕ್ಕೆ ಜಗ್ಗಿ, ಮಗುಚಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದುಂಟು. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಮಡಿಸಿ, ನಡುವೆ ಎತ್ತಿ ನೋಡದೆ 10 ನಿಮಿಷ ಒತ್ತಿ ಹಿಡಿಯಬೇಕು. 500 ಕಿಲೋ ತೂಕದ ಕುದುರೆ 1 ಲೀಟರ್ ರಕ್ತ ಹೋದರೂ ತಡೆದುಕೊಳ್ಳುತ್ತದೆ. 50 ಕಿಲೋ ಮರಿಗೆ ಅದು ಪ್ರಾಣಾಪಾಯ.

ಗಾಯವನ್ನು ತೊಳೆಯಲು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಕುದಿಸಿ ಆರಿಸಿದ ನೀರು ಸಾಕು. ಸೀಮೆಎಣ್ಣೆ, ಸುಣ್ಣ, ಬೂದಿ ಇವೆಲ್ಲ ಆಗ ತಾನೇ ಚಿಗುರುವ ಜೀವಕೋಶಗಳನ್ನೇ ಸುಡುತ್ತವೆ ಅಥವಾ ಕೊಳೆಯನ್ನು ಒಳಗೇ ಮುಚ್ಚುತ್ತವೆ. ಹೊಲಿಗೆ ಬೇಕಾದ ಗಾಯವಾದರೆ ಪಶುವೈದ್ಯರು ಬರುವ ಮೊದಲು ಮುಲಾಮು, ಪುಡಿ ಯಾವುದನ್ನೂ ಹಚ್ಚದಿರುವುದೇ ಮೇಲು. ಗಾತ್ರ ನೋಡಿ ಗಾಯವನ್ನು ಅಳೆಯುವುದು ಇಲ್ಲಿ ದೊಡ್ಡ ತಪ್ಪು. ಕೀಲಿನ ಹತ್ತಿರ ಮೊಳೆ ಚುಚ್ಚಿದಷ್ಟೇ ತೂತಿದ್ದು, ಅದರಿಂದ ಎಳೆಯೆಳೆಯಾಗಿ ಅಂಟುವ ತಿಳಿಹಳದಿ ದ್ರವ ಒಸರಿದರೆ ಕೀಲಿನ ಚೀಲವೇ ತೂತಾಗಿದೆ ಎಂದರ್ಥ. ಒಳಗೆ ಕೀವು ಕಟ್ಟಿದರೆ ಮರಿ ಶಾಶ್ವತವಾಗಿ ಕುಂಟಾಗಬಹುದು. ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಬೇಗ ತುತ್ತಾಗುವುದು ಕುದುರೆ. ಅದರ ರೋಗಾಣು ಇರುವುದು ಲಾಯದ ಮಣ್ಣು ಮತ್ತು ಲದ್ದಿಯಲ್ಲೇ ಆದ್ದರಿಂದ ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನು ಅದೇ ದಿನ ವೈದ್ಯರೊಂದಿಗೆ ತೀರ್ಮಾನಿಸಬೇಕು.

ಕಾಲಿಗೆ ಕಟ್ಟು ಕಟ್ಟುವುದು ಕೈಗೆ ಪಳಗಬೇಕಾದ ಕೆಲಸ. ಗಾಯಕ್ಕೆ ಅಂಟದ ಪದರ, ಅದರ ಮೇಲೆ ದಪ್ಪನೆಯ ಹತ್ತಿ, ಕೊನೆಗೆ ಹಿಗ್ಗುವ ಪಟ್ಟಿ. ಹತ್ತಿ ತೆಳುವಾಗಿ ಪಟ್ಟಿ ಬಿಗಿಯಾದರೆ ಸ್ನಾಯುರಜ್ಜುವೇ ಜಜ್ಜಿಹೋಗುತ್ತದೆ. ಕೆಲವು ವಾರಗಳಾದ ಮೇಲೆ ಕುದುರೆಗೇ ವಿಶೇಷವಾದ ಇನ್ನೊಂದು ತೊಡಕು ಕಾಣಿಸಿಕೊಳ್ಳಬಹುದು: ಗಾಯವನ್ನು ತುಂಬಲು ಬಂದ ಕೆಂಪು ಮಾಂಸ ನಿಲ್ಲದೆ ಬೆಳೆದು ಚರ್ಮಕ್ಕಿಂತ ಮೇಲೆ ಹೂಕೋಸಿನಂತೆ ಉಬ್ಬುತ್ತದೆ. ಅಂಚಿನ ಚರ್ಮ ಅದನ್ನು ಹತ್ತಿ ದಾಟಲಾರದು. ವೈದ್ಯರು ಅದನ್ನು ಕತ್ತರಿಸಿದಾಗ ರಕ್ತ ಧಾರಾಳವಾಗಿ ಬರುತ್ತದೆ, ಆದರೆ ನರಗಳಿಲ್ಲದ ಮಾಂಸವಾದ್ದರಿಂದ ಮರಿಗೆ ಹೆಚ್ಚು ನೋವಾಗದು. ಮನೆಮದ್ದಿನ ಹೆಸರಲ್ಲಿ ಮೈಲುತುತ್ತ ಸುರಿದು ಅದನ್ನು ಸುಡುವುದು ಮಾತ್ರ ಕೂಡದು.

ಮರಿ ಹಾಲು ಕುಡಿಯುತ್ತಿದೆಯೇ ಎಂಬುದನ್ನು ತಾಯಿಯ ಕೆಚ್ಚಲೇ ಹೇಳುತ್ತದೆ. ಎಳೆಯ ಮರಿ ಗಂಟೆಗೆ ಹಲವು ಸಲ ಮೊಲೆಗೆ ಬಾಯಿ ಹಾಕುವುದರಿಂದ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ, ಜ್ವರ ಏರುವ ಮೊದಲೇ, ಏನೋ ಕೆಟ್ಟಿದೆ ಎಂದು ತಿಳಿಯಬೇಕು. ಹುಟ್ಟಿದ ದಿನವೇ ಗಾಯವಾಗಿದ್ದರೆ ಗಿಣ್ಣುಹಾಲು ಎಲ್ಲಕ್ಕಿಂತ ಮುಖ್ಯ. ಕುದುರೆ ಮರಿಗೆ ಗರ್ಭದಲ್ಲಿ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ, ಗಿಣ್ಣಿನಿಂದ ಅದನ್ನು ಹೀರುವ ಕರುಳಿನ ಸಾಮರ್ಥ್ಯವೂ ಸುಮಾರು 24 ಗಂಟೆಯಲ್ಲಿ ಮುಗಿಯುತ್ತದೆ. ಬಾಟಲಿಯಿಂದ ಕುಡಿಸುವಾಗ ಮರಿಯ ತಲೆಯನ್ನು ಮೇಲಕ್ಕೆತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋದೀತು. ನೋವಿನ ಔಷಧಿಗಳನ್ನು ಅಂದಾಜಿನ ಮೇಲೆ ಕೊಡಬಾರದು. ಅವು ಮರಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಬೆನ್ನ ಮೇಲೆ ಹೊರಳಿ ಮಲಗುವುದು ಹುಣ್ಣಿನ ಲಕ್ಷಣಗಳು.

ಮೂಳೆ ಮುರಿದರೆ ಕುದುರೆಯ ಕಥೆ ಮುಗಿಯಿತು ಎಂಬ ಮಾತಿಗೆ ಕಾರಣವಿದೆ. ಅಮೆರಿಕದಲ್ಲಿ 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಎರಡು ವಾರದ ನಂತರದ ಪ್ರೀಕ್ನೆಸ್ ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಅತ್ಯುತ್ತಮ ಶಸ್ತ್ರಚಿಕಿತ್ಸೆ ಸಿಕ್ಕಿತು. ಆದರೆ ಭಾರ ಹೊತ್ತ ಎಡ ಹಿಂಗಾಲಿನ ಗೊರಸಿನೊಳಗೆ ಉರಿಯೂತ ಹತ್ತಿ, 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಹಗುರವಾದ ಎಳೆಯ ಮರಿಗೆ ಈ ಅಪಾಯ ಅಷ್ಟಿಲ್ಲ. ಅದರ ಮೂಳೆ ಕೂಡುವುದೂ ಬೇಗ. ಆದರೆ ಬೆಳೆಯುವ ಮೈ ಬೇರೊಂದು ಬೆಲೆ ಕೇಳುತ್ತದೆ. ಪ್ಲಾಸ್ಟರಿನೊಳಗಿನ ಕಾಲಿನ ಸ್ನಾಯುರಜ್ಜು ಸಡಿಲವಾಗುತ್ತದೆ, ಭಾರ ಹೊತ್ತ ಕಾಲು ಸೊಟ್ಟಗೆ ಬೆಳೆಯತೊಡಗುತ್ತದೆ. ಮರಿಯ ಪ್ಲಾಸ್ಟರನ್ನು ಎರಡು ವಾರದೊಳಗೆ ಬದಲಿಸುವುದು, ಒಳ್ಳೆಯ ಕಾಲನ್ನೂ ದಿನವೂ ಎದುರಿನಿಂದ ನಿಂತು ನೋಡುವುದು ಇದಕ್ಕಾಗಿಯೇ.

ಲಾಯದಲ್ಲಿ ಹುಲ್ಲನ್ನು ದಪ್ಪವಾಗಿ ಹಾಸಬೇಕು. ಏಳಲಾರದ ಮರಿಯನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ತಾಯಿಯಿಂದ ಬೇರ್ಪಡಿಸಿದರೆ ಓಡಾಡಬಲ್ಲ ಮರಿ ಗೋಡೆಗೆ ನುಗ್ಗಿ ಹೊಸ ಗಾಯ ಮಾಡಿಕೊಳ್ಳುತ್ತದೆ, ಆದ್ದರಿಂದ ತಾಯಿಯೂ ಒಳಗೇ ಇರಬೇಕು. ದೊಡ್ಡ ಮರಿಯಾದರೆ ಮರುಕದಿಂದ ಹುರುಳಿ ಹೆಚ್ಚಿಸುವುದು ಬೇಡ. ಕಟ್ಟಿಹಾಕಿದ ಮರಿ ಕಾಳು ತಿಂದು ಕೊಬ್ಬಿದರೆ ಎಳೆಮೂಳೆಯ ತುದಿಗಳಿಗೇ ತೊಂದರೆ. ಒಳ್ಳೆಯ ಹುಲ್ಲು, ಮಿತವಾಗಿ ಕುದುರೆಮಸಾಲೆ ಸಾಕು.

ವೈದ್ಯರು ಒಪ್ಪಿದ ಮೇಲೆ ದಿನಕ್ಕೆ 5 ನಿಮಿಷ, ತಾಯಿಯ ಹಿಂದೆ ನಿಧಾನ ನಡಿಗೆ. ವಾರಗಳ ಮೇಲೆ ಚಿಕ್ಕ ಅಂಕಣ, ಆಮೇಲಷ್ಟೇ ಬಯಲು. ಪ್ರತಿ ಸಂಜೆ ಗಾಯವಾಗಿದ್ದ ಕಾಲನ್ನು ಅಂಗೈಯಿಂದ ಸವರಿ ನೋಡಬೇಕು. ಬಿಸಿ ಅಥವಾ ಬಾವು ಕಂಡರೆ ಮತ್ತೆ ಕೆಲವು ದಿನ ಲಾಯವೇ. ಮಾಗಿದ ಕಡೆ ಬಿಳಿ ಕೂದಲು ಬರಬಹುದು, ಕೂದಲೇ ಬಾರದೆಯೂ ಇರಬಹುದು. ಆ ತೆಳು ಚರ್ಮ ಬಿಸಿಲಿಗೆ ಬಿರಿಯದಂತೆ ಆಗಾಗ ಎಣ್ಣೆ ಸವರುತ್ತಿರಬೇಕು.